ಹಗಲು ಕಬಡ್ಡಿ, ಸಂಜೆ ರಸಮಂಜರಿ: ಊರ ನಡುವಿನ ಒಂದೇ ಮೈದಾನದಲ್ಲಿ ಎರಡನ್ನೂ ನಡೆಸುವ ಬಗೆ

ಶಿವಮೊಗ್ಗದ ಯಾವುದೇ ಯುವಕ ಸಂಘದ ವಾರ್ಷಿಕೋತ್ಸವದ ಕರಪತ್ರ ತೆಗೆದು ನೋಡಿ. ಬೆಳಿಗ್ಗೆ ಕಬಡ್ಡಿ ಪಂದ್ಯಾವಳಿ, ಸಂಜೆ ಸಭಾ ಕಾರ್ಯಕ್ರಮ, ಆಮೇಲೆ ಸಂಗೀತ ರಸಮಂಜರಿ. ಮೂರಕ್ಕೂ ಒಂದೇ ಮೈದಾನ, ಒಂದೇ ದಿನ, ಒಂದೇ ಬಾಡಿಗೆ. ಎರಡು ಜಾಗ ಹಿಡಿಯುವಷ್ಟು ಹಣ ಸಂಘದ ಪೆಟ್ಟಿಗೆಯಲ್ಲಿ ಇರುವುದಿಲ್ಲ.

ಹೊರದೇಶಗಳ ದೊಡ್ಡ ನಗರಗಳಲ್ಲಿ ಇದಕ್ಕೆಂದೇ ಕಟ್ಟಿದ ಕ್ರೀಡಾಂಗಣಗಳಿವೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐಸ್ ಹಾಕಿಯ ಹಿಮದ ನೆಲವನ್ನು ಕರಗಿಸುವುದೇ ಇಲ್ಲ. ಅದರ ಮೇಲೆಯೇ ಹಾಸು ಹಾಕಿ, ಮರದ ಅಂಕಣ ಜೋಡಿಸಿ, ಕೆಲವೇ ಗಂಟೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿಸುತ್ತಾರೆ. ಅದೇ ಕಟ್ಟಡದಲ್ಲಿ ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ. ನಮ್ಮಲ್ಲಿ ಆ ಕೆಲಸ ಮಾಡಬೇಕಾದವರು ಇಪ್ಪತ್ತು ಮಂದಿ ಸ್ವಯಂಸೇವಕರು, ಒಬ್ಬ ಶಾಮಿಯಾನದವರು ಮತ್ತು ಒಂದು ಲಾರಿ. ಆದರೂ ಆಗುತ್ತದೆ. ಇಂಥ ಕಾರ್ಯಕ್ರಮಗಳು ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ಆಟ ಮುಗಿದು ಹಾಡು ಶುರುವಾಗುವ ನಡುವಿನ ಹೊತ್ತಿನಲ್ಲಿ ಮತ್ತು ಗೇಟಿನಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚಿನ ಮಾತು ಅವೆರಡರ ಸುತ್ತಲೇ ಇದೆ.

ಮೊದಲು ಗೇಟು ಅಳೆಯಿರಿ, ಆಮೇಲೆ ಮೈದಾನ

ಊರ ನಡುವೆ ನೆಹರೂ ಕ್ರೀಡಾಂಗಣವಿದೆ. ಹಳೆಯ ಜೈಲಿನ ಆವರಣ ಫ್ರೀಡಂ ಪಾರ್ಕ್ ಆಗಿ, ಈಗ ಅಲ್ಲಮಪ್ರಭುವಿನ ಹೆಸರು ಹೊತ್ತಿದೆ. 2024ರ ಜನವರಿ 12ರಂದು ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ಅಲ್ಲಿಯೇ. ಇವಲ್ಲದೆ ಕಾಲೇಜುಗಳ ಮೈದಾನಗಳಿವೆ. ನವುಲೆಯ ಕ್ರಿಕೆಟ್ ಮೈದಾನ ಈ ಲೆಕ್ಕಕ್ಕೆ ಬರುವುದಿಲ್ಲ. ಕ್ರಿಕೆಟ್ ಪಿಚ್ಚಿನ ಹತ್ತಿರ ಕುರ್ಚಿ ಲಾರಿ ಬಿಡಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಜಾಗ ನೋಡಲು ಹೋಗುವಾಗ ಅಳತೆ ಟೇಪು ಕೈಯಲ್ಲಿರಲಿ. ಎಲ್ಲರೂ ಮೈದಾನದ ನಡುವೆ ನಿಂತು ಕೈ ಚಾಚಿ "ಐದು ಸಾವಿರ ಜನ ಹಿಡಿಯುತ್ತಾರೆ" ಎನ್ನುತ್ತಾರೆ. ಹಿಡಿಯಬಹುದು. ಪ್ರಶ್ನೆ ಇರುವುದು ಅವರು ಎಷ್ಟು ಹೊತ್ತಿನಲ್ಲಿ ಹೊರಗೆ ಬರಬಲ್ಲರು ಎಂಬುದರಲ್ಲಿ. ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತಾ ಮಾರ್ಗಸೂಚಿಯಲ್ಲಿ ಇದಕ್ಕೊಂದು ಲೆಕ್ಕವಿದೆ: ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಿದ್ದರೆ 66. ಎಂಟು ನಿಮಿಷದೊಳಗೆ ಎಲ್ಲರೂ ಹೊರಗಿರಬೇಕು. ಹಾಗೆಂದರೆ ಮೂರು ಮೀಟರ್ ಅಗಲದ ಒಂದು ಗೇಟಿನಿಂದ ನಿಮಿಷಕ್ಕೆ 246 ಮಂದಿ, ಎಂಟು ನಿಮಿಷಕ್ಕೆ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ನನ್ನ ಸಲಹೆ ಇನ್ನೂ ಬಿಗಿಯಾದದ್ದು: ಇರುವುದರಲ್ಲಿ ಅತಿ ದೊಡ್ಡ ಗೇಟು ಮುಚ್ಚಿಹೋಗಿದೆ ಎಂದುಕೊಂಡು ಉಳಿದವುಗಳ ಅಗಲವನ್ನಷ್ಟೇ ಕೂಡಿಸಿ. ಬಂದ ಉತ್ತರವೇ ನಿಮ್ಮ ಜನಸಂಖ್ಯೆ. ಪಾಸು ಅಷ್ಟೇ ಮುದ್ರಿಸಿ.

ಅಳೆಯುವಾಗ ಗೇಟಿನ ಕಂಬದಿಂದ ಕಂಬಕ್ಕೆ ಅಳೆದರೆ ಸಾಲದು. ಒಂದು ರೆಕ್ಕೆ ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಇನ್ನೊಂದಕ್ಕೆ ಸರಪಳಿ, ನಡುವೆ ದಿಡ್ಡಿ ಬಾಗಿಲು ಮಾತ್ರ ತೆರೆದಿರುತ್ತದೆ. ನಿಜವಾಗಿ ತೆರೆಯುವಷ್ಟು ಅಗಲವೇ ಅಗಲ. ಗೇಟಿನಾಚೆ ಏನಿದೆ ಎಂಬುದನ್ನೂ ನೋಡಿ. ಹೊರಗೆ ಕಾಲಿಟ್ಟ ಕೂಡಲೇ ತೆರೆದ ಚರಂಡಿಯೋ ಬೈಕುಗಳ ಸಾಲೋ ಇದ್ದರೆ ಆ ಗೇಟನ್ನು ಅರ್ಧ ಎಂದೇ ಎಣಿಸಬೇಕು.

ಹತ್ತಿರದಲ್ಲಿ ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯ ಇವೆಯೇ ಎಂದು ನೋಡಿಕೊಳ್ಳಿ. ಇವುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎಂದು ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಶಿವಮೊಗ್ಗದ ನಡುಭಾಗದಲ್ಲಿ ಈ ಮೂರರಲ್ಲಿ ಒಂದಾದರೂ ಇಲ್ಲದ ಮೂಲೆ ಹುಡುಕುವುದು ಸುಲಭವಲ್ಲ. ಮುಂಗಡ ಕೊಡುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಂಡರೆ ಹಣ ಉಳಿಯುತ್ತದೆ.

ದಿನ ಗೊತ್ತು ಮಾಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತೇ ಬೇಡ. ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಬಿಸಿಲು ಕಾದು ಸಂಜೆ ಗುಡುಗು ಬರುವ ದಿನಗಳೇ ಹೆಚ್ಚು. ನವೆಂಬರ್, ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಆಟಗಾರರು ಸಿಗುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತಂಡಗಳಲ್ಲಿ ಅರ್ಧ ಹುಡುಗರು ಅಡಿಕೆ ಕೊಯ್ಲಿನಲ್ಲಿ, ಉಳಿದರ್ಧ ಭತ್ತದ ಗದ್ದೆಯಲ್ಲಿ ಇರುತ್ತಾರೆ. ಫೆಬ್ರವರಿ ಕೊನೆ ಬಂತೆಂದರೆ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ಗಾಳಿ. ಮೈಕ್ ಹಾಕಿದರೆ ಮನೆಮನೆಯಿಂದಲೂ ಶಾಪ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆಯ ಜಾತ್ರೆಯ ವಾರದಲ್ಲಿ ಊರಿನ ಪೊಲೀಸರೆಲ್ಲ ಅಲ್ಲೇ ಇರುತ್ತಾರೆ.

ಕಳೆದು ಕಳೆದು ಉಳಿಯುವುದು ಸಂಕ್ರಾಂತಿಯ ನಂತರದ ಮೂರು ನಾಲ್ಕು ವಾರ. ಆ ಹೊತ್ತಿಗೆ ಕೊಯ್ಲು ಒಂದು ಹಂತಕ್ಕೆ ಬಂದು ಅಡಿಕೆಯ ದುಡ್ಡು ಓಡಾಡಲು ಶುರುವಾಗಿರುತ್ತದೆ, ಬಹುಮಾನದ ಪ್ರಾಯೋಜಕರ ಮುಖದಲ್ಲೂ ಸ್ವಲ್ಪ ಗೆಲುವಿರುತ್ತದೆ. ತೊಂದರೆ ಒಂದೇ, ಇಬ್ಬನಿ. ರಾತ್ರಿ ಹಾಸಿಟ್ಟ ಕಬಡ್ಡಿ ಮ್ಯಾಟ್ ಬೆಳಿಗ್ಗೆ ಏಳಕ್ಕೆ ನೋಡಿದರೆ ನೀರು ಚಿಮುಕಿಸಿದಂತೆ ಒದ್ದೆಯಾಗಿರುತ್ತದೆ. ಕೈಯಿಂದ ಮುಟ್ಟಿದರೆ ಗೊತ್ತಾಗದ ತೇವವೂ ಕಾಲಿಗೆ ಜಾರುತ್ತದೆ, ದಾಳಿಗೆ ಹೋದವನ ಮೊಣಕಾಲು ತಿರುಗಲು ಅಷ್ಟು ಸಾಕು. ಹಾಸಿದ ರಾತ್ರಿಯೇ ಟಾರ್ಪಾಲ್ ಮುಚ್ಚಿಡಿ, ಬೆಳಿಗ್ಗೆ ಒಣ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಎಂಟೂವರೆಗಿಂತ ಮೊದಲು ಸೀಟಿ ಊದಬೇಡಿ.

ರಾತ್ರಿ ಹತ್ತರಿಂದ ಹಿಂದಕ್ಕೆ ಎಣಿಸಿ

ಶಬ್ದಮಾಲಿನ್ಯ ನಿಯಮಗಳು, 2000 ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ಹಬ್ಬ, ಸಾಂಸ್ಕೃತಿಕ ಉತ್ಸವಗಳಿಗೆಂದು ವರ್ಷದಲ್ಲಿ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದು ನಿಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಸಿಗುತ್ತದೆಂದು ನಂಬಿಕೊಂಡು ಕೂರಬೇಡಿ. ಹತ್ತು ಗಂಟೆ ಎಂಬುದು ಗೋಡೆ ಎಂದುಕೊಂಡೇ ವೇಳಾಪಟ್ಟಿ ಬರೆಯಿರಿ, ಅದೂ ತುದಿಯಿಂದ.

ರಸಮಂಜರಿಗೆ ಎರಡೂವರೆ ಗಂಟೆ ಕೊಡದಿದ್ದರೆ ವಾದ್ಯವೃಂದದವರಿಗೂ ಬೇಸರ, ಜನಕ್ಕೂ ಬೇಸರ. ಕೊನೆಯ ಹಾಡು 9.50ಕ್ಕೆ ಮುಗಿಯಬೇಕೆಂದರೆ ಮೊದಲ ಹಾಡು 7.20ಕ್ಕೆ. ಅದಕ್ಕೆ ಮೊದಲು ಸಭಾ ಕಾರ್ಯಕ್ರಮ. ಇಲ್ಲಿಯೇ ಎಲ್ಲ ಲೆಕ್ಕ ತಪ್ಪುವುದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗಿಸುವುದು, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ನುಡಿ, ಇನ್ನೊಬ್ಬ ಮುಖ್ಯ ಅತಿಥಿಗಳ ನುಡಿ, ಸನ್ಮಾನ, ಸನ್ಮಾನಿತರ ಪರವಾಗಿ ಒಬ್ಬರ ನುಡಿ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊಗೆ ನಿಂತು ಇಳಿಯಲು ಒಬ್ಬರಿಗೆ ಮೂರು ನಿಮಿಷ ಹಿಡಿಯುತ್ತದೆ. ಹತ್ತು ಮಂದಿಗೆ ಸನ್ಮಾನವೆಂದರೆ ಅಲ್ಲಿಗೇ ಅರ್ಧ ಗಂಟೆ ಹೋಯಿತು. ಸಭೆಗೆ ಒಟ್ಟು ನಲವತ್ತು ನಿಮಿಷ ಇಡಿ. ಭಾಷಣ ಇಬ್ಬರದೇ. ಪಂದ್ಯಾವಳಿಯ ಬಹುಮಾನ ವಿತರಣೆಯನ್ನೂ ಇದರೊಳಗೇ ಸೇರಿಸಿದರೆ ಅತಿಥಿಗಳಿಗೂ ಕೆಲಸ ಸಿಗುತ್ತದೆ, ಗೆದ್ದ ಹುಡುಗರಿಗೂ ತುಂಬಿದ ಮೈದಾನದ ಚಪ್ಪಾಳೆ ಸಿಗುತ್ತದೆ. ತಡವಾಗಿ ಬರುವ ಗಣ್ಯರಿಗೆ ಕಾಯುವುದಿಲ್ಲ, ಅವರು ಬಂದಾಗ ಎರಡು ಹಾಡಿನ ನಡುವೆ ವೇದಿಕೆಗೆ ಕರೆಯುತ್ತೇವೆ ಎಂದು ಆಹ್ವಾನ ಕೊಡುವಾಗಲೇ ನಗುನಗುತ್ತಾ ಹೇಳಿಬಿಡಿ. ಈ ಮಾತನ್ನು ಹೇಳಲು ಸಂಘದ ಹಿರಿಯರನ್ನೇ ಕಳುಹಿಸಿ; ಕಾರ್ಯದರ್ಶಿ ಹೇಳಿದರೆ ಉದ್ಧಟತನ ಎನಿಸುತ್ತದೆ.

ಸಭೆ 6.40ಕ್ಕೆ ಶುರುವಾದರೆ, ಮೈದಾನ ಬದಲಿಸಲು ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಅಂದರೆ ಫೈನಲ್ ಐದರೊಳಗೆ ಮುಗಿಯಬೇಕು. ಮುಗಿಯುತ್ತದೆಯೇ?

ಹದಿನಾರು ತಂಡಗಳ ನಾಕೌಟ್ ಎಂದರೆ ಹದಿನೈದು ಪಂದ್ಯ. ಪುರುಷರ ಪಂದ್ಯಕ್ಕೆ ಇಪ್ಪತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ತಂಡ ಇಳಿದು ಹತ್ತುವುದನ್ನು ಸೇರಿಸಿ ಐವತ್ತು ನಿಮಿಷ. ಒಂದೇ ಅಂಕಣದಲ್ಲಾದರೆ ಹನ್ನೆರಡೂವರೆ ಗಂಟೆ ಆಗುತ್ತದೆ, ರಸಮಂಜರಿ ಮರುದಿನಕ್ಕೆ. ಎರಡು ಅಂಕಣ ಹಾಕಿದರೆ ಮೊದಲ ಸುತ್ತಿಗೆ ನಾಲ್ಕು ಸರದಿ, ಕ್ವಾರ್ಟರ್ ಫೈನಲ್‌ಗೆ ಎರಡು, ಸೆಮಿಫೈನಲ್‌ಗೆ ಒಂದು, ಫೈನಲ್‌ಗೆ ಒಂದು: ಒಟ್ಟು ಎಂಟು ಸರದಿ, ಆರು ಗಂಟೆ ನಲವತ್ತು ನಿಮಿಷ. ಎಂಟೂವರೆಗೆ ಆರಂಭಿಸಿದರೆ ಕ್ವಾರ್ಟರ್ ಫೈನಲ್‌ಗಳು ಒಂದೂವರೆಗೆ ಮುಗಿಯುತ್ತವೆ. ಒಂದು ಗಂಟೆ ಊಟ. ಎರಡೂವರೆಗೆ ಸೆಮಿಫೈನಲ್‌ಗಳು, ನಾಲ್ಕಕ್ಕೆ ಫೈನಲ್. ಎರಡೂ ಸೆಮಿಫೈನಲ್ ಒಟ್ಟಿಗೆ ಆಡಿಸಿದರೆ ಯಾವುದನ್ನು ನೋಡುವುದೆಂದು ಪ್ರೇಕ್ಷಕರು ಗೊಣಗುತ್ತಾರೆ. ಗೊಣಗಲಿ.

ಚೀಟಿ ಎತ್ತುವಾಗ ಇನ್ನೊಂದು ಎಚ್ಚರ ಬೇಕು: ಮೊದಲೆರಡು ಸರದಿಯಲ್ಲಿ ಗೆದ್ದವರಿಗೆ ಮೊದಲ ಕ್ವಾರ್ಟರ್ ಫೈನಲ್‌ಗಳು ಬರುವಂತೆ ಜೋಡಿಸಿ. ಇಲ್ಲವಾದರೆ ಆಗಷ್ಟೇ ಅಂಕಣದಿಂದ ಇಳಿದ ತಂಡ ಬೆವರು ಒರೆಸುವ ಮುಂಚೆ ಮತ್ತೆ ಹತ್ತಬೇಕಾಗುತ್ತದೆ. ಫೈನಲ್ ತಲುಪುವವರು ಒಂದೇ ದಿನ ನಾಲ್ಕು ಪಂದ್ಯ ಆಡುತ್ತಾರೆ ಎಂಬುದು ನೆನಪಿರಲಿ. ತಾಂತ್ರಿಕ ಅಧಿಕಾರಿಗಳು ಒಪ್ಪಿದರೆ ಮೊದಲ ಸುತ್ತಿನ ಅವಧಿ ಇಳಿಸಿ. ಎಂಟೇ ತಂಡಗಳನ್ನು ಕರೆದರೆ ಇನ್ನೂ ಒಳ್ಳೆಯದು, ಆದರೆ ಪ್ರವೇಶ ಶುಲ್ಕದ ಆಸೆ ಯಾವ ಸಂಘವನ್ನೂ ಹಾಗೆ ಬಿಡುವುದಿಲ್ಲ.

ಅನುಮತಿಗಳು

ಇದು ಬರೆಯಲು ಬೇಸರದ ಭಾಗ, ಓದಲು ಇನ್ನೂ ಬೇಸರ. ಆದ್ದರಿಂದ ಬೇಗ ಹೇಳುತ್ತೇನೆ. ಜಿಲ್ಲಾ ಕ್ರೀಡಾಂಗಣವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಅರ್ಜಿ, ಕಾಲೇಜು ಮೈದಾನವಾದರೆ ಪ್ರಾಂಶುಪಾಲರಿಗೆ. ಬಂದೋಬಸ್ತು ಮತ್ತು ಧ್ವನಿವರ್ಧಕದ ಲಿಖಿತ ಅನುಮತಿಗೆ ಪೊಲೀಸ್ ಠಾಣೆ. ನಿರಾಕ್ಷೇಪಣಾ ಪತ್ರಕ್ಕೆ ಅಗ್ನಿಶಾಮಕ ಇಲಾಖೆ. ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಮೆಸ್ಕಾಂ. ಕಸ, ನೀರು, ಸಂಚಾರಿ ಶೌಚಾಲಯ, ಬ್ಯಾನರುಗಳಿಗೆ ಮಹಾನಗರ ಪಾಲಿಕೆ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ; ಬಟ್ಟೆಯ ಬ್ಯಾನರ್ ಬರೆಸಿ. ಸಿನಿಮಾ ಹಾಡುಗಳನ್ನು ಸಾರ್ವಜನಿಕವಾಗಿ ಹಾಡಿಸಲು ಸಾಹಿತ್ಯ ಮತ್ತು ಸಂಗೀತದ ಹಕ್ಕುದಾರರ ಪರವಾನಗಿ ಬೇಕು, ಆ ಹಕ್ಕುದಾರರ ಸಂಸ್ಥೆಯಾದ ಐಪಿಆರ್‌ಎಸ್ ಅದನ್ನು ಕೊಡುತ್ತದೆ. ವಾದ್ಯವೃಂದದವರು ಮಾಡಿಸುತ್ತಾರೋ ನೀವು ಮಾಡಿಸಬೇಕೋ ಎಂಬುದನ್ನು ಒಪ್ಪಂದದ ಹಾಳೆಯಲ್ಲಿ ಬರೆಸಿಕೊಳ್ಳಿ.

ಪ್ರತಿ ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. "ನಾನು ಹೇಳಿದ್ದೇನೆ, ನೀವು ಮಾಡಿ" ಎಂಬ ಬಾಯಿಮಾತಿನ ಮೇಲೆ ಪೆಂಡಾಲ್ ಹಾಕಿಸಬೇಡಿ. ಹೇಳಿದವರು ಆ ದಿನ ಫೋನ್ ಎತ್ತುವುದಿಲ್ಲ.

ಅಂಕಣ ಎತ್ತುವುದು, ಕುರ್ಚಿ ಇಳಿಸುವುದು

ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮೀಟರ್ ಚೌಕದ ಮ್ಯಾಟ್ ಹಾಳೆಗಳಾದರೆ ಒಂದು ಅಂಕಣಕ್ಕೆ 130, ಎರಡಕ್ಕೆ 260. ಇವನ್ನು ಹೇಗೆಂದರೆ ಹಾಗೆ ಕಿತ್ತು ರಾಶಿ ಹಾಕಿದರೆ ಮುಂದಿನ ಸಲ ಜೋಡಿಸುವವರು ಅಳಬೇಕಾಗುತ್ತದೆ, ಏಕೆಂದರೆ ಅಂಚಿನ ಹಾಳೆ, ಮೂಲೆಯ ಹಾಳೆ, ಗೆರೆ ಇರುವ ಹಾಳೆ ಎಲ್ಲವೂ ಬೇರೆ ಬೇರೆ. ಹಾಸುವಾಗಲೇ ಪ್ರತಿ ಹಾಳೆಯ ಅಡಿಯಲ್ಲಿ ಸೀಮೆಸುಣ್ಣದಿಂದ ಸಾಲು ಮತ್ತು ಸಂಖ್ಯೆ ಬರೆಯಿರಿ. ಎತ್ತುವಾಗ ಒಂದು ಮೂಲೆಯಿಂದ ಶುರುಮಾಡಿ, ಸಾಲು ಸಾಲಾಗಿ, ಹಲ್ಲುಗಳು ಹರಿಯದಂತೆ ಮೇಲಕ್ಕೆ ಎತ್ತಿ ಬಿಡಿಸಬೇಕು, ಪಕ್ಕಕ್ಕೆ ಎಳೆಯಬಾರದು. ಬೆವರು ಒರೆಸಿ, ಮುಖಕ್ಕೆ ಮುಖ ಸೇರಿಸಿ, ಸಾಲಿಗೊಂದು ಕಟ್ಟು.

ವೇದಿಕೆಯನ್ನು ಮಾತ್ರ ಹಿಂದಿನ ದಿನವೇ ಕಟ್ಟಿ ಮುಗಿಸಿ. ಮೈದಾನದ ಒಂದು ತುದಿಗೆ ವೇದಿಕೆ, ಅದರ ಮುಂದೆ ಎರಡು ಅಂಕಣಗಳು. ಸಂಜೆ ಅಂಕಣಗಳ ಜಾಗವೇ ಪ್ರೇಕ್ಷಕರ ಜಾಗವಾಗುತ್ತದೆ. ಹಗಲಿನ ಬಿಸಿಲಿನಲ್ಲಿ ವೇದಿಕೆಯ ನೆರಳು ಅಂಕಣದ ಅರ್ಧಕ್ಕೆ ಬೀಳದಂತೆ ದಿಕ್ಕು ನೋಡಿಕೊಳ್ಳಿ. ಅರ್ಧ ಬಿಸಿಲು ಅರ್ಧ ನೆರಳಿನ ಅಂಕಣದಲ್ಲಿ ದಾಳಿಗಾರನ ಕೈ ತಾಗಿತೇ ಇಲ್ಲವೇ ಎಂದು ತೀರ್ಪುಗಾರರಿಗೆ ಕಾಣುವುದು ಕಷ್ಟ.

ಕುರ್ಚಿ ಲಾರಿ ಸಂಜೆ ಐದಕ್ಕೆ ಬರುತ್ತದೆಂದು ಶಾಮಿಯಾನದವರು ಹೇಳಿದರೆ ಒಪ್ಪಬೇಡಿ. ಐದಕ್ಕೆ ಬಿ.ಎಚ್. ರಸ್ತೆಯಲ್ಲಿ ಲಾರಿ ಎಲ್ಲಿ ಸಿಕ್ಕಿಕೊಂಡಿರುತ್ತದೆಂದು ದೇವರಿಗೇ ಗೊತ್ತು. ಬಂದರೂ ಜನರಿಂದ ತುಂಬಿದ ಗೇಟಿನ ಮೂಲಕ ಅದು ಹಿಮ್ಮುಖವಾಗಿ ಒಳಗೆ ಬರಬೇಕು. ಬೆಳಿಗ್ಗೆ ಏಳರೊಳಗೆ ಕುರ್ಚಿಗಳೆಲ್ಲ ವೇದಿಕೆಯ ಹಿಂದೆ ಬಂದು ಕೂತಿರಬೇಕು. ಫೈನಲ್ ಮುಗಿದ ಕೂಡಲೇ ಸ್ವಯಂಸೇವಕರಲ್ಲಿ ಅರ್ಧ ಮಂದಿ ಮ್ಯಾಟ್ ಎತ್ತಿ ಎಡಗಡೆಗೆ ಒಯ್ಯಲಿ, ಉಳಿದವರು ಬಲಗಡೆಯಿಂದ ಕುರ್ಚಿ ತರಲಿ. ಎರಡು ದಂಡುಗಳ ದಾರಿ ಒಂದನ್ನೊಂದು ದಾಟಬಾರದು.

ಕುರ್ಚಿ ಎಷ್ಟು? ನಡುವಿನ ದಾರಿಗಳನ್ನೂ ಸೇರಿಸಿ ತಲೆಗೆ ಒಂದು ಚದರ ಮೀಟರ್ ಎಂದರೆ ನೆಮ್ಮದಿಯ ಲೆಕ್ಕ: 40ಕ್ಕೆ 50 ಮೀಟರ್ ಜಾಗದಲ್ಲಿ ಎರಡು ಸಾವಿರ. ಪ್ರತಿ ಸಾಲಿನ ಕುರ್ಚಿಗಳ ಕಾಲುಗಳನ್ನು ಒಂದಕ್ಕೊಂದು ಹಗ್ಗದಿಂದ ಕಟ್ಟಿಬಿಡಿ. ಕಟ್ಟದ ಪ್ಲಾಸ್ಟಿಕ್ ಕುರ್ಚಿಗಳು ಎರಡನೇ ಹಾಡಿಗೇ ದಾರಿಗಳನ್ನು ನುಂಗಿಬಿಡುತ್ತವೆ. ಓಡುವ ಪರಿಸ್ಥಿತಿ ಬಂದರೆ ಕಾಲಿಗೆ ಸಿಕ್ಕಿ ಬೀಳಿಸುವುದೂ ಅವೇ.

ಸಿಂಥೆಟಿಕ್ ಟ್ರ್ಯಾಕ್ ಇದ್ದರೆ ಅದರ ಮೇಲೆ ಲಾರಿ, ಜನರೇಟರ್, ಗೂಟ ಯಾವುದೂ ಬೇಡ. ದಾಟಲೇಬೇಕೆಂದರೆ ಪ್ಲೈವುಡ್ ಹಾಸಿ. ಒಳಾಂಗಣದ ಮರದ ನೆಲಕ್ಕೂ ಇದೇ ಮಾತು, ಜೊತೆಗೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಯನ್ನು ಬಾಗಿಲ ಹೊರಗೇ ನಿಲ್ಲಿಸಿ. ಎಣ್ಣೆ ಹೀರಿದ ಮರ ಮತ್ತೆ ಷಟಲ್ ಆಡುವವರ ಕಾಲಿಗೆ ಹಿಡಿತ ಕೊಡುವುದಿಲ್ಲ.

ಕರೆಂಟು, ಬೆಳಕು, ಸದ್ದು

ಜನರೇಟರನ್ನು ಬದಲಿಯೆಂದು ತರಿಸಬೇಡಿ. ಧ್ವನಿ ಮತ್ತು ವೇದಿಕೆಯ ಬೆಳಕಿಗೆ ಅದನ್ನೇ ಮುಖ್ಯವಾಗಿಸಿ. ಬಾಡಿಗೆಗೆ ಸಾಮಾನ್ಯವಾಗಿ ಸಿಗುವ 62.5 ಕೆವಿಎ ಜನರೇಟರ್ ಸುಮಾರು 50 ಕಿಲೊವ್ಯಾಟ್ ಕೊಡುತ್ತದೆ. ನಿಮ್ಮ ಹೊರೆ ಅದರ ಮುಕ್ಕಾಲು ಭಾಗ ಮೀರದಿರಲಿ. ಮೈದಾನದ ದೀಪಗಳು, ಗೇಟಿನ ದೀಪಗಳು ಮೆಸ್ಕಾಂ ಸಂಪರ್ಕದಲ್ಲಿರಲಿ. ಆಗ ಎರಡರಲ್ಲಿ ಒಂದು ಹೋದರೂ ಇಡೀ ಮೈದಾನ ಕತ್ತಲಾಗುವುದಿಲ್ಲ. ಕತ್ತಲಾದ ಮೊದಲ ನಿಮಿಷದಲ್ಲೇ ನೂಕುನುಗ್ಗಲು ಹುಟ್ಟುವುದು. ನೆಲದ ಮೇಲೆ ಎಳೆದ ತಂತಿಗಳಲ್ಲಿ ಜೋಡಣೆ ಇರಬಾರದು, ಪ್ರತಿ ಸಾಲಿಗೂ ಸೋರಿಕೆ ಕಂಡರೆ ಕಡಿದುಹಾಕುವ ಬ್ರೇಕರ್ ಇರಬೇಕು, ಅರ್ತಿಂಗ್ ಗುಂಡಿಗೆ ಬೆಳಿಗ್ಗೆ ಒಂದು ಕೊಡ ನೀರು ಬೀಳಬೇಕು.

ಸದ್ದಿನ ವಿಚಾರಕ್ಕೆ ಬಂದರೆ, ಮುಂದಿನ ಸಾಲಿನವರ ಕಿವಿ ಒಡೆದು ಹಿಂದಿನವರಿಗೆ ಕೇಳಿಸುವುದು ನಮ್ಮ ಕಡೆಯ ಪದ್ಧತಿ. ಬೇರೆ ದಾರಿಯಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ 34 ಮೀಟರ್ ದೂರದಲ್ಲಿ ಇನ್ನೊಂದು ಜೊತೆ ಸ್ಪೀಕರ್ ನಿಲ್ಲಿಸಿ, ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ ಕೊಟ್ಟರೆ ಎರಡೂ ಸದ್ದು ಕಿವಿಗೆ ಒಂದಾಗಿ ಬರುತ್ತವೆ. ವೇದಿಕೆಯ ಸ್ಪೀಕರುಗಳ ಮಟ್ಟ ಇಳಿಸಬಹುದು. ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಅಲ್ಲಿನ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರಬಾರದು ಎಂಬುದು ನಿಯಮ. ಧ್ವನಿಯವರಿಗೆ ಈ ಸಂಖ್ಯೆಯನ್ನು ಬರೆದೇ ಕೊಡಿ. ಧ್ವನಿ ಪರೀಕ್ಷೆಗೆ ಮಧ್ಯಾಹ್ನದ ಊಟದ ಒಂದು ಗಂಟೆಯೇ ಸರಿಯಾದ ಹೊತ್ತು. ಆಗ ಅಂಕಣ ಖಾಲಿ ಇರುತ್ತದೆ, ಗಾಯಕರ "ಹಲೋ ಚೆಕ್" ಯಾವ ದಾಳಿಗಾರನ ಉಸಿರನ್ನೂ ಕೆಡಿಸುವುದಿಲ್ಲ.

ಗೇಟಿನಲ್ಲಿ

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಒಳಗಿನ ಆಸನಗಳಿಗಿಂತ ಹಲವು ಪಟ್ಟು ಜನ ಗೇಟುಗಳ ಮುಂದೆ ಸೇರಿದ್ದರು. ನಮ್ಮ ಎರಡು ಸಾವಿರದ ಕಾರ್ಯಕ್ರಮಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಹೆಸರಾಂತ ಗಾಯಕರೊಬ್ಬರನ್ನು ಕರೆಸಿ "ಉಚಿತ ಪ್ರವೇಶ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ನೋಡಿ. ಭದ್ರಾವತಿಯಿಂದ ಶಿಕಾರಿಪುರದವರೆಗೆ ಬೈಕುಗಳು ಹೊರಡುತ್ತವೆ.

ಉಚಿತವಾದರೂ ಸಂಖ್ಯೆ ಹಾಕಿದ ಪಾಸು ಇರಲಿ, ಪಾಸು ಮುಗಿದಿದೆ ಎಂಬ ಸುದ್ದಿಯನ್ನು ಹಿಂದಿನ ದಿನವೇ ಹರಡಿ. ಒಳಬರುವ ಗೇಟು ಬೇರೆ, ಹೊರಹೋಗುವ ಗೇಟು ಬೇರೆ. ತಪಾಸಣೆ ಗೇಟಿನ ಬಾಯಲ್ಲಿ ಬೇಡ. ಇಪ್ಪತ್ತು ಮೀಟರ್ ಮೊದಲೇ ಬ್ಯಾರಿಕೇಡ್ ಹಾಕಿ ಅಲ್ಲಿ ಮಾಡಿ, ಪಾಸಿಲ್ಲದವರು ಪಕ್ಕಕ್ಕೆ ತಿರುಗಿ ಹೋಗಲು ದಾರಿ ಬಿಡಿ. ಹಿಂದಿರುಗಲು ದಾರಿಯಿಲ್ಲದವರೇ ಮುಂದಕ್ಕೆ ತಳ್ಳುವುದು. ಗಣ್ಯರ ಕಾರುಗಳಿಗೆ ಗೇಟಿನಿಂದ ದೂರ ಜಾಗ ತೋರಿಸಿ. ಎಲ್ಲ ಗೇಟುಗಳ ಸರಪಳಿ ಬಿಚ್ಚಿ, ಬೀಗಗಳನ್ನು ಒಬ್ಬರ ಚೀಲದಲ್ಲಿ ಹಾಕಿ, ಆ ಒಬ್ಬರು ಯಾರೆಂದು ಪೊಲೀಸರಿಗೂ ಗೊತ್ತಿರಲಿ. ಜನ ತುಂಬಿದಾಗ ಮೊಬೈಲ್ ಸಿಗುವುದಿಲ್ಲ; ಗೇಟಿಗೊಂದು, ವೇದಿಕೆಗೊಂದು ವಾಕಿಟಾಕಿ ಬಾಡಿಗೆಗೆ ತನ್ನಿ. ವೇದಿಕೆಯಲ್ಲಿ ನಿರೂಪಕರ ಪಕ್ಕ ಕಾರ್ಯಕ್ರಮ ನಿಲ್ಲಿಸುವ ಅಧಿಕಾರವಿರುವ ಒಬ್ಬರು ಇರಬೇಕು, ಅವರು ಮಾತ್ರ ಹಾಡು ಕೇಳಬಾರದು.

ಆಂಬುಲೆನ್ಸ್ ಹೊರಹೋಗುವ ಗೇಟಿನ ಬಳಿ, ಮುಖ ರಸ್ತೆಯ ಕಡೆಗೆ. ಮೆಗ್ಗಾನ್ ಆಸ್ಪತ್ರೆಗೆ ಹೋಗುವ ದಾರಿಯನ್ನು ಚಾಲಕರೊಂದಿಗೆ ಹಿಂದಿನ ಸಂಜೆ, ಅದೇ ಹೊತ್ತಿಗೆ ಓಡಿಸಿ ನೋಡಿ. ಹಳ್ಳಿಗಳ ಕಡೆಯ ಕೊನೆಯ ಬಸ್ಸುಗಳ ಸಮಯವನ್ನು ನಿಲ್ದಾಣದಲ್ಲಿ ಕೇಳಿಕೊಂಡು ಬಂದು ಮೈಕಿನಲ್ಲಿ ಒಂಬತ್ತಕ್ಕೊಮ್ಮೆ ಹೇಳಿಸಿ. ಹಾಗೆ ಎದ್ದು ಹೋಗುವವರಿಂದ ಕೊನೆಯ ನೂಕಾಟವೂ ಕಡಿಮೆಯಾಗುತ್ತದೆ.

ಮರುದಿನ ಬೆಳಿಗ್ಗೆ

ಐದೂವರೆಗೆ ವಾಯುವಿಹಾರದವರು ಬರುತ್ತಾರೆ. ಅಧಿಕಾರಿಗಳಿಗಿಂತ ಮೊದಲು ದೂರು ಕೊಡುವವರು ಇವರೇ, ನಿಯಮವಾಗಿ ಬರುವವರಾದ್ದರಿಂದ ಅವರ ದೂರಿಗೆ ತೂಕವೂ ಹೆಚ್ಚು. ರಾತ್ರಿಯೇ ಕಸ ಎತ್ತಿಸಿ. ಮೊಳೆ, ತಂತಿ ತುಂಡು, ಕಟ್ಟಿದ ಹಗ್ಗ ಹುಡುಕಲು ಮಾತ್ರ ಬೆಳಕು ಬೇಕು, ಅದಕ್ಕೆ ನಾಲ್ಕು ಹುಡುಗರು ಬೆಳಗಾಗುತ್ತಲೇ ಸಾಲಾಗಿ ನಿಂತು ಮೈದಾನ ನಡೆದು ನೋಡಲಿ. ಗೂಟ ನೆಟ್ಟ ಗುಂಡಿಗಳನ್ನು ಮಣ್ಣು ತುಂಬಿ ತುಳಿಯಿರಿ. ಮೈದಾನ ಕೈಗೆ ಬಂದಾಗ ತೆಗೆದ ಫೋಟೊಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಉಸ್ತುವಾರಿಯವರ ಜೊತೆ ಒಂದು ಸುತ್ತು ಬನ್ನಿ. ಮೊದಲೇ ಮುರಿದಿದ್ದ ಗೇಟಿನ ಕೊಂಡಿ, ಶೌಚಾಲಯದ ನಲ್ಲಿ ಇವೆಲ್ಲ ನಿಮ್ಮ ಲೆಕ್ಕಕ್ಕೆ ಬಾರದಂತೆ ಅಲ್ಲಿಯೇ ಬರೆಸಿ, ಸಹಿ ಹಾಕಿಸಿಕೊಂಡು, ಠೇವಣಿ ವಾಪಸಿನ ಅರ್ಜಿಯನ್ನು ಅದೇ ದಿನ ಕಚೇರಿಗೆ ಕೊಟ್ಟು ಬನ್ನಿ.